ಕೊಲ್ಹಾರದ ಒಂದು ಹೊಲ, ಮೂರು ಸಾಫ್ಟ್‌ವೇರ್

ಹೋದ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ಮೆಸ್ ಲೆಕ್ಕದ ಸಾಫ್ಟ್‌ವೇರ್ ನಮ್ಮ ತಂಡದ ಕೈಗೆ ಬಂತು. ಸೀನಿಯರ್‌ಗಳು ಬರೆದದ್ದು, ಮುಂದುವರಿಸೋದು ನಮ್ಮ ಪಾಲು. ಕೋಡ್ ತೆರೆದರೆ ಒಂದು ಕಡೆ 26 ಅನ್ನೋ ಸಂಖ್ಯೆ, ಅದರ ಪಕ್ಕದಲ್ಲಿ ಕಾಮೆಂಟು: "ಇದನ್ನ ಮುಟ್ಟಬ್ಯಾಡ್ರಿ." ಯಾಕೆ ಮುಟ್ಟಬಾರದು? ಎಲ್ಲೂ ಬರೆದಿಲ್ಲ. ನಾವು ಮುಟ್ಟಿದೆವು, ಇಡೀ ಹಾಸ್ಟೆಲಿನ ಬಿಲ್ಲು ತಪ್ಪಿತು. ಮೆಸ್‌ನ ತಿಂಗಳು 26ನೇ ತಾರೀಖಿಗೆ ಶುರುವಾಗುತ್ತದೆ ಅಂತ ಗೊತ್ತಾಗಲು ಎರಡು ವಾರ ಹಿಡಿಯಿತು. ಒಂದು ಸಾಲು ಬರೆದಿಟ್ಟಿದ್ದರೆ ಎರಡು ವಾರ ಉಳೀತಿತ್ತು.

ಮೆಸ್ ಬಿಲ್ಲು ತಪ್ಪಿದರೆ ಮುಂದಿನ ತಿಂಗಳು ಸರಿ ಮಾಡಬಹುದು. ಹೊಲದ ಉತಾರ ತಪ್ಪಿದರೆ? ಈ ಪ್ರಶ್ನೆ ಹಿಡಿದುಕೊಂಡು ದೊಡ್ಡ ಸಾಫ್ಟ್‌ವೇರಿನ ಆರ್ಕಿಟೆಕ್ಚರ್ ಅಂದರೇನು ಅಂತ ನೋಡೋಣ. ಉದಾಹರಣೆಗೆ ದೂರ ಹೋಗಬೇಕಿಲ್ಲ, ನಮ್ಮ ಕೊಲ್ಹಾರ ಸಾಕು.

ಹೊಲ ಅಲ್ಲೇ ಇದೆ, ವಿಳಾಸ ಬದಲಾಯ್ತು

ಕೊಲ್ಹಾರ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಗಡಿಗೆ ಮೊಸರು. ಕೃಷ್ಣೆಯ ದಂಡೆಯ ಈ ಊರು ಆಲಮಟ್ಟಿ ಹಿನ್ನೀರಿಗೆ ಜಾಗ ಬಿಟ್ಟುಕೊಟ್ಟು ಹೊಸ ಜಾಗದಲ್ಲಿ ನೆಲೆಸಿದ ಊರೂ ಹೌದು. ಅಲ್ಲಿ ನೀರು ಬರದೆ ಉಳಿದ ಒಂದು ಹೊಲವನ್ನು ಊಹಿಸಿಕೊಳ್ಳಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗಿ ನದಿಯ ಆಚೆ ದಂಡೆ ಬೇರೆಯಾಯಿತು. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಕೊಲ್ಹಾರ, 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಬಂತು. ಹೊಲ ಒಂದು ಗೇಣೂ ಸರಿದಿಲ್ಲ. ಆದರೆ ಅದರ ಜಿಲ್ಲೆಯ ಹೆಸರು ಬೇರೆ, ತಾಲೂಕು ಬೇರೆ.

ಈಗ ನಾವೇ ಈ ದಾಖಲೆಯ ಡೇಟಾಬೇಸ್ ಕಟ್ಟಬೇಕು ಅಂದುಕೊಳ್ಳಿ. ಸರ್ವೆ ನಂಬರ್ ಒಂದೇ ಸಾಲದು, ಅದೇ ನಂಬರ್ ಪಕ್ಕದ ಊರಲ್ಲೂ ಇರುತ್ತದೆ. ಹಾಗಾಗಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ಸೇರಿಸಿ ಪ್ರೈಮರಿ ಕೀ ಮಾಡಿಬಿಡೋಣ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಮಾರ್ಕ್ಸೂ ಬರಬಹುದು. ಆದರೆ ತಾಲೂಕು ಒಡೆದ ದಿನ ಆ ಕೀ ಇರುವ ಪ್ರತಿಯೊಂದು ಟೇಬಲ್ಲೂ ಬದಲಾಗಬೇಕು. ಆ ಕೀ ಬರೆದುಕೊಂಡಿರುವ ಬ್ಯಾಂಕು, ನೋಂದಣಿ ಕಚೇರಿ, ಎಲ್ಲರೂ ಬದಲಾಯಿಸಬೇಕು.

ಡೇವಿಡ್ ಪಾರ್ನಾಸ್ 1972ರಲ್ಲೇ ಇದಕ್ಕೆ ದಾರಿ ಹೇಳಿದ್ದರು: ಸಾಫ್ಟ್‌ವೇರನ್ನು ಕೆಲಸದ ಹಂತಗಳ ಪ್ರಕಾರ ತುಂಡು ಮಾಡಬೇಡಿ. ಮುಂದೆ ಬದಲಾಗಬಹುದಾದ ನಿರ್ಧಾರ ಯಾವುದು ಅಂತ ಪಟ್ಟಿ ಮಾಡಿ, ಒಂದೊಂದನ್ನೂ ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಡಿ. ನಮ್ಮ ಹೊಲದ ಮಟ್ಟಿಗೆ "ಇದು ಯಾವ ತಾಲೂಕು" ಅನ್ನೋದು ಬದಲಾಗುವ ಸಂಗತಿ. ಅದು ಒಂದೇ ಕಡೆ ಇರಲಿ. ಹೊಲಕ್ಕೆ ಹೆಸರಿನ ಹಂಗಿಲ್ಲದ ಒಂದು ಗುರುತು ಇರಲಿ. ಕೇಂದ್ರ ಸರ್ಕಾರ 2021ರಲ್ಲಿ ತಂದ 14 ಅಕ್ಷರಾಂಕಿಗಳ ಭೂ-ಆಧಾರ್ ಸಂಖ್ಯೆಯ ಹಿಂದಿರುವುದೂ ಇದೇ ಯೋಚನೆ. ಅದು ನಿಂತಿರೋದು ಜಮೀನಿನ ಅಕ್ಷಾಂಶ ರೇಖಾಂಶದ ಮೇಲೆ.

ಕೂಡುವ ಜಾಗದಲ್ಲೇ ಬಿರುಕು

ಕರ್ನಾಟಕದ 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗ್ರಾಮ ಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ತಂದಿತು. ಸಾಫ್ಟ್‌ವೇರ್ ಬರೆದದ್ದು ಎನ್‌ಐಸಿ. ಆದರೆ ಭೂಮಿ ಒಂಟಿಯಲ್ಲ. ಪಹಣಿ ಕಂದಾಯ ಇಲಾಖೆಯ ಭೂಮಿಯಲ್ಲಿ, ಖರೀದಿ ಪತ್ರ ನೋಂದಣಿ ಇಲಾಖೆಯ 'ಕಾವೇರಿ'ಯಲ್ಲಿ, ಅಳತೆ ನಕ್ಷೆ ಸರ್ವೆ ಇಲಾಖೆಯ 'ಮೋಜಿಣಿ'ಯಲ್ಲಿ. ಮೂರು ಇಲಾಖೆ, ಮೂರು ಸಾಫ್ಟ್‌ವೇರ್. ಒಂದು ಸಂಸ್ಥೆ ಕಟ್ಟುವ ಸಿಸ್ಟಮ್‌ಗೆ ಆ ಸಂಸ್ಥೆಯದೇ ರೂಪ ಬರುತ್ತದೆ ಅಂತ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದದ್ದು ಇದನ್ನೇ ನೋಡಿ ಬರೆದ ಹಾಗಿದೆ.

ಹೊಲದ ಒಂದು ಭಾಗ ಮಾರಬೇಕಾದರೆ ಮೊದಲು 11ಇ ನಕ್ಷೆ ಬೇಕು. ಆಮೇಲೆ ನೋಂದಣಿ. ಅಲ್ಲಿಂದ ಮಾಹಿತಿ ಭೂಮಿಗೆ ಹೋಗಿ ಹಕ್ಕು ಬದಲಾವಣೆ ಶುರು. ತಕರಾರಿದ್ದರೆ ಹೇಳಲು ಒಂದಿಷ್ಟು ದಿನ. ಅದೂ ಮುಗಿದ ಮೇಲೆ ಪಹಣಿಯ 9ನೇ ಕಾಲಂನಲ್ಲಿ ಹೊಸ ಹೆಸರು.

ಬಾಕ್ಸ್ ಬರೆದು ಬಾಣ ಎಳೆಯೋದು ಸುಲಭ. ಆರ್ಕಿಟೆಕ್ಟ್ ಕೇಳಬೇಕಾದ್ದು ಬಾಣದ ಬಗ್ಗೆ. ಕಾವೇರಿಯಿಂದ ಹೊರಟ ಮಾಹಿತಿ ದಾರಿಯಲ್ಲೇ ಬಿದ್ದುಹೋದರೆ? ದುಡ್ಡು ಕೊಟ್ಟು ಕೊಂಡವಳ ಹೆಸರು ಉತಾರದಲ್ಲಿ ಬರೋದಿಲ್ಲ. ಹಳೆ ಮಾಲೀಕ ಅದೇ ಹೊಲದ ಮೇಲೆ ಸಾಲ ಎತ್ತಿದರೆ 11ನೇ ಕಾಲಂನಲ್ಲಿ ಬೋಜಾ ಏರುತ್ತದೆ, ಪಾಪ ಅವಳು ಕೋರ್ಟಿಗೆ ಅಲೆಯಬೇಕು. ಅದೇ ಮಾಹಿತಿ ಎರಡು ಸಲ ಬಂದರೆ? ಎರಡನೇ ಸಲ ಬಂದದ್ದನ್ನು "ಇದು ಆಗಲೇ ಆಗಿದೆ" ಅಂತ ಗುರುತಿಸಿ ಬಿಡಬೇಕು. ಅದಕ್ಕೆ ಪ್ರತಿ ವ್ಯವಹಾರಕ್ಕೂ ತನ್ನದೇ ನಂಬರ್, ತಲುಪಿದ್ದಕ್ಕೆ ಉತ್ತರ, ತಲುಪದೆ ಉಳಿದವುಗಳ ದಿನದ ಪಟ್ಟಿ, ಆ ಪಟ್ಟಿ ನೋಡುವ ಒಬ್ಬ ಮನುಷ್ಯ, ಎಲ್ಲ ಬೇಕು. ಮುಳುಗಿದ ಹೊಲದ ದಾಖಲೆಯನ್ನೂ ಅಳಿಸಬಾರದು. ಅದು ಯಾರದಾಗಿತ್ತು, ಯಾವಾಗ ಸರ್ಕಾರಕ್ಕೆ ಹೋಯಿತು ಅನ್ನೋ ಇತಿಹಾಸವೇ ಪರಿಹಾರ ಕೇಳುವ ಕುಟುಂಬಕ್ಕೆ ಆಧಾರ. ಇದು ಒಂದು ಫಂಕ್ಷನ್ನಿನ ಮಾತಲ್ಲ, ಇಡೀ ಸಿಸ್ಟಮ್ಮಿನ ಮಾತು. ಆರ್ಕಿಟೆಕ್ಚರ್ ಅಂದರೆ ಇದೇ: ಆಮೇಲೆ ಬದಲಾಯಿಸಲು ಬಹಳ ದುಬಾರಿಯಾಗುವ ನಿರ್ಧಾರಗಳು.

ಬರೆದಿಡೋದು ಹೇಗೆ?

ಒಂದೇ ಚಿತ್ರದಲ್ಲಿ ಎಲ್ಲ ತುರುಕಿದರೆ ಯಾರಿಗೂ ಅರ್ಥವಾಗದು. ಮನೆ ಕಟ್ಟುವಾಗ ಗೋಡೆಯ ಪ್ಲಾನ್ ಬೇರೆ, ವೈರಿಂಗ್ ಪ್ಲಾನ್ ಬೇರೆ ಇರೋದಿಲ್ಲವೇ, ಹಾಗೆ. ಫಿಲಿಪ್ ಕ್ರುಕ್ಟೆನ್ 1995ರಲ್ಲಿ ನಾಲ್ಕು ನೋಟ ಮತ್ತು ಅವನ್ನು ಜೋಡಿಸುವ ಬಳಕೆಯ ಸನ್ನಿವೇಶಗಳು ಅಂತ ಒಂದು ಕ್ರಮ ಕೊಟ್ಟರು. ಅಧಿಕಾರಿಗೆ ಬೇಕಾದ್ದು ಏನೇನು ಕೆಲಸವಾಗುತ್ತದೆ ಅನ್ನೋದು. ಪ್ರೋಗ್ರಾಮರ್‌ಗೆ ಬೇಕಾದ್ದು ಕೋಡ್ ಹೇಗೆ ಹಂಚಿದೆ ಅನ್ನೋದು. ಸರ್ವರ್ ನೋಡಿಕೊಳ್ಳುವವನಿಗೆ ಯಾವುದು ಎಲ್ಲಿ ಓಡುತ್ತಿದೆ ಅಂತ ಬೇಕು.

ಆದರೆ ಚಿತ್ರ "ಏನು" ಅಂತ ಹೇಳುತ್ತದೆ, "ಯಾಕೆ" ಅಂತ ಹೇಳೋದಿಲ್ಲ. ಭೂಮಿಯ ಮೊದಲ ದಿನಗಳಲ್ಲಿ ತಾಲೂಕಿಗೊಂದು ಸರ್ವರ್ ಇತ್ತು, ಆಮೇಲೆ ದತ್ತಾಂಶ ರಾಜ್ಯದ ಡೇಟಾ ಸೆಂಟರ್‌ಗೆ ಬಂತು. ಇವತ್ತಿನ ಹುಡುಗರಿಗೆ ಮೊದಲಿನದು ದಡ್ಡತನ ಅನ್ನಿಸಬಹುದು. ಆಗಿನ ನೆಟ್‌ವರ್ಕ್ ನೆನೆದರೆ ಅದೇ ಜಾಣತನ. ಆ ಸಂದರ್ಭ ಬರೆದಿಡದಿದ್ದರೆ ಮುಂದೆ ಬಂದವರಿಗೆ ತಿಳಿಯೋದು ಹೇಗೆ?

ಇದಕ್ಕೆ ಮೈಕೆಲ್ ನೈಗಾರ್ಡ್ 2011ರಲ್ಲಿ ಸರಳ ಪದ್ಧತಿ ಹೇಳಿದರು. ಒಂದು ನಿರ್ಧಾರಕ್ಕೆ ಒಂದು ಚಿಕ್ಕ ಕಡತ, ಕೋಡ್ ಜೊತೆಗೇ ಇರಬೇಕು. ನಮ್ಮ ಹೊಲಕ್ಕೆ ಬರೆದರೆ ಹೀಗಿರುತ್ತದೆ:

ನಿರ್ಧಾರ 7: ಹೊಲದ ಗುರುತಿನಲ್ಲಿ ತಾಲೂಕು ಇರಬಾರದು.
ಸ್ಥಿತಿ: ಒಪ್ಪಿದೆ.
ಸಂದರ್ಭ: ತಾಲೂಕು, ಜಿಲ್ಲೆ ಒಡೆಯುತ್ತವೆ, ಹೆಸರು ಬದಲಾಗುತ್ತವೆ. ಹೊಲ ಬದಲಾಗದು.
ತೀರ್ಮಾನ: ಪ್ರತಿ ಹೊಲಕ್ಕೂ ಅರ್ಥವಿಲ್ಲದ ಒಂದು ಸಂಖ್ಯೆ. ತಾಲೂಕು ಬೇರೆ ಟೇಬಲ್‌ನಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಅನ್ನೋ ತಾರೀಖಿನ ಸಮೇತ.
ಪರಿಣಾಮ: ತಾಲೂಕು ಒಡೆದರೂ ಕೊಂಡಿಗಳು ಮುರಿಯವು. ಆದರೆ ಸಂಖ್ಯೆ ನೋಡಿ ಊರು ಗುರುತಿಸಲಾಗದು, ಹುಡುಕಾಟಕ್ಕೆ ಒಂದು ಜಾಯಿನ್ ಹೆಚ್ಚು.

ಕೊನೆಯ ಸಾಲು ಗಮನಿಸಿ. ನಷ್ಟವನ್ನೂ ಬರೆಯಬೇಕು. ಲಾಭ ಮಾತ್ರ ಬರೆದರೆ ಅದು ಜಾಹೀರಾತಾಗುತ್ತದೆ. ನಾಳೆ ನಿರ್ಧಾರ ಬದಲಾದರೆ ಹಳೆಯದನ್ನು ಅಳಿಸಬೇಡಿ, "ನಿರ್ಧಾರ 19 ಬಂದ ಮೇಲೆ ಇದು ರದ್ದು" ಅಂತ ಗುರುತು ಹಾಕಿ ಬಿಡಿ.

ಪ್ರಾಜೆಕ್ಟ್ ಸಬ್‌ಮಿಷನ್ ಹತ್ತಿರ ಬಂತು. ನೂರು ಪುಟದ ರಿಪೋರ್ಟ್ ಹೇಗೂ ಬೈಂಡ್ ಮಾಡಿಸುತ್ತೇವೆ. ಅದರ ಜೊತೆಗೆ ಇಂಥ ಐದೇ ಐದು ಕಡತ ಬರೆದಿಡಿ, ಜೂನಿಯರ್‌ಗಳು ನಿಮ್ಮನ್ನ ನೆನೆಸ್ತಾರೆ. ನಾವು ಮೆಸ್ ಸಾಫ್ಟ್‌ವೇರಿನಲ್ಲಿ ಆ "ಮುಟ್ಟಬ್ಯಾಡ್ರಿ" ತೆಗೆದುಹಾಕಿದ್ದೇವೆ. ಅಲ್ಲಿ ಈಗ "ನಿರ್ಧಾರ 1 ನೋಡಿ" ಅಂತ ಇದೆ.