ಗಣಕಯಂತ್ರದ ವೇಗವರ್ಧನೆ: ಅದರ ಮಿತಿ ಮತ್ತು ಪರೀಕ್ಷೆ

ಮೇಜಿನ ಮೇಲಿನ ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದುದಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಹೀಗೆ ನಡೆಸಿದಾಗ ಯಂತ್ರವು ಕೆಡದಿದ್ದರೆ ಅದೇ ಕ್ಷೇಮವೆಂದು ಅನೇಕರು ಭಾವಿಸುತ್ತಾರೆ. ಆದರೆ ಗಣನೆಯೇ ಉದ್ದೇಶವಾಗಿರುವಲ್ಲಿ, ಬಂದ ಉತ್ತರವು ಸರಿಯಾಗಿರುವುದೇ ನಿಜವಾದ ಕ್ಷೇಮ. ಈ ದೃಷ್ಟಿಯಿಂದ ವಿಷಯವನ್ನು ವಿವೇಚಿಸೋಣ.

ಪ್ರೊಸೆಸರಿನ ವ್ಯಾಪಾರವೆಲ್ಲವೂ ಗಡಿಯಾರದಂತಹ ಮಿಡಿತಗಳನ್ನು ಅನುಸರಿಸಿ ನಡೆಯುತ್ತದೆ. ಒಂದು ಮಿಡಿತದಲ್ಲಿ ಹೊರಟ ವಿದ್ಯುತ್ಸಂಕೇತವು ಟ್ರಾನ್ಸಿಸ್ಟರುಗಳ ಸಾಲನ್ನು ದಾಟಿ, ಮುಂದಿನ ಮಿಡಿತಕ್ಕೆ ಮೊದಲೇ ಗುರಿಯನ್ನು ಮುಟ್ಟಬೇಕು. 4 ಗಿಗಾಹರ್ಟ್ಸ್ ವೇಗದಲ್ಲಿ ಇದಕ್ಕಿರುವ ಅವಕಾಶ 0.25 ನ್ಯಾನೊಸೆಕೆಂಡು, 5 ಗಿಗಾಹರ್ಟ್ಸ್ ಆದರೆ 0.20 ಮಾತ್ರ. ಸಂಕೇತವು ತಡವಾದರೆ 1 ಇರಬೇಕಾದಲ್ಲಿ 0 ದಾಖಲಾಗಬಹುದು. ಉಷ್ಣತೆಯ ಏರಿಕೆ, ವಯೋಸಹಜವಾದ ಸವೆತ ಮೊದಲಾದುವನ್ನು ಮುಂಗಂಡು ತಯಾರಕರು ಸ್ವಲ್ಪ ಅಂತರವನ್ನು ಉಳಿಸಿಯೇ ವೇಗವನ್ನು ನಿಗದಿಮಾಡುತ್ತಾರೆ. ಓವರ್‌ಕ್ಲಾಕಿಂಗ್ ಎಂಬುದು ಈ ಅಂತರವನ್ನು ಬಳಸಿಕೊಳ್ಳುವ ಕ್ರಮ.

ಇದಕ್ಕೆ ಪ್ರಸಿದ್ಧ ನಿದರ್ಶನವೆಂದರೆ 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಮಿಡಿತವನ್ನು 4.5ರಿಂದ ಗುಣಿಸಿಕೊಂಡು ಅದು 300 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ಮೂಲ ಮಿಡಿತವನ್ನು 100ಕ್ಕೆ ಏರಿಸಿದಾಗ ಅಂತಹ ಅನೇಕ ಪ್ರೊಸೆಸರುಗಳು 450 ಮೆಗಾಹರ್ಟ್ಸ್ ವೇಗದಲ್ಲಿಯೂ ಸ್ಥಿರವಾಗಿ ನಡೆದುವು. ಎಲ್ಲವೂ ಹಾಗೆ ನಡೆಯಲಿಲ್ಲವೆಂಬುದೂ ಗಮನಾರ್ಹ. ಒಂದೇ ಹೆಸರಿನ ಎರಡು ಪ್ರೊಸೆಸರುಗಳ ಮಿತಿ ಒಂದೇ ಆಗಿರುವುದಿಲ್ಲ.

ವೋಲ್ಟೇಜನ್ನು ಹೆಚ್ಚಿಸಿದರೆ ಟ್ರಾನ್ಸಿಸ್ಟರುಗಳು ಶೀಘ್ರವಾಗಿ ವರ್ತಿಸುತ್ತವೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಸ್ವಿಚ್ಚಿಂಗಿನಲ್ಲಿ ವ್ಯಯವಾಗುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡ 10ರಷ್ಟು ಏರಿಸಿದರೆ ಈ ವ್ಯಯವು ಸುಮಾರು ಶೇಕಡ 33ರಷ್ಟು ಏರಿ, ಅಷ್ಟೂ ಶಾಖವಾಗಿ ಪರಿಣಮಿಸುತ್ತದೆ. ಅಧಿಕ ಉಷ್ಣತೆ ಮತ್ತು ವಿದ್ಯುತ್ಪ್ರವಾಹಗಳ ಕಾರಣದಿಂದ ಒಳಗಿನ ಸೂಕ್ಷ್ಮ ತಂತಿಗಳ ಲೋಹದ ಪರಮಾಣುಗಳೇ ಸ್ಥಾನಪಲ್ಲಟಗೊಂಡು ಪ್ರೊಸೆಸರಿನ ಆಯುಸ್ಸು ಕುಗ್ಗುತ್ತದೆ.

ಆದುದರಿಂದ ಕ್ರಮವರಿತು ಮುಂದುವರಿಯಬೇಕು. ಮೊದಲು ಧೂಳನ್ನು ತೆಗೆದು, ಫ್ಯಾನೂ ಹೀಟ್‌ಸಿಂಕೂ ಸರಿಯಾಗಿವೆಯೆಂದು ನೋಡಿ, ನಿಗದಿತ ವೇಗದಲ್ಲಿಯೇ ಪೂರ್ಣ ಹೊರೆಯನ್ನು ಕೊಟ್ಟು ಉಷ್ಣತೆಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ವೋಲ್ಟೇಜನ್ನು ಮುಟ್ಟದೆ, ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಪ್ರತಿಸಲವೂ ಪರೀಕ್ಷಿಸಬೇಕು. ಮೊದಲ ದೋಷ ಕಂಡೊಡನೆ ಒಂದೆರಡು ಮೆಟ್ಟಿಲು ಇಳಿದು ಅಲ್ಲಿಯೇ ನಿಲ್ಲುವುದು ಲೇಸು. ಚಳಿಗಾಲದಲ್ಲಿ ತೇರ್ಗಡೆಯಾದ ಯಂತ್ರವನ್ನು ಬೇಸಗೆಯಲ್ಲಿ ಪುನಃ ಪರೀಕ್ಷಿಸುವುದು ಅವಶ್ಯಕ.

ಪರೀಕ್ಷೆಯೆಂದರೆ ಯಂತ್ರವು ನಿಲ್ಲದೆ ನಡೆಯಿತೆಂಬುದಷ್ಟೇ ಅಲ್ಲ. 1996ರಲ್ಲಿ ಆರಂಭವಾದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಅನ್ವೇಷಣೆಗಾಗಿ ರಚಿತವಾದ ಪ್ರೈಮ್95 ಎಂಬ ಪ್ರೋಗ್ರಾಮು ಈ ಕಾರ್ಯಕ್ಕೆ ಒದಗುತ್ತದೆ. ಉತ್ತರ ಮೊದಲೇ ತಿಳಿದಿರುವ ದೀರ್ಘ ಗುಣಾಕಾರಗಳನ್ನು ಅದು ಪ್ರೊಸೆಸರಿನಿಂದ ಗಂಟೆಗಟ್ಟಲೆ ಮಾಡಿಸಿ, ಫಲವನ್ನು ತಾಳೆನೋಡುತ್ತದೆ. ಇದರಲ್ಲಿ ಒಂದೇ ಒಂದು ತಪ್ಪು ಕಂಡರೂ ಆ ವೇಗವು ತ್ಯಾಜ್ಯ. ತಪ್ಪು ಕಾಣದಿದ್ದರೂ ಭರವಸೆ ಹೆಚ್ಚಿತೆನ್ನಬಹುದೇ ಹೊರತು ಸಂಪೂರ್ಣವಾಗಿ ಸಿದ್ಧವಾಯಿತೆನ್ನಲಾಗದು.

ಕೆಟ್ಟು ನಿಂತ ಯಂತ್ರವು ತನ್ನ ದೋಷವನ್ನು ತಾನೇ ಸಾರುತ್ತದೆ. ನಡೆಯುತ್ತಲೇ ತಪ್ಪು ಅಂಕಿಯನ್ನು ಕೊಡುವ ಯಂತ್ರವು ಸಂಶೋಧಕನ ಕೋಷ್ಟಕದಲ್ಲಿ ಅಸತ್ಯವನ್ನು ಸದ್ದಿಲ್ಲದೆ ಸೇರಿಸುತ್ತದೆ. ಈಚಿನ ಪ್ರೊಸೆಸರುಗಳು ಅವಕಾಶವಿದ್ದಾಗ ತಾವೇ ವೇಗವನ್ನು ಏರಿಸಿಕೊಳ್ಳುವುದರಿಂದ, ಓವರ್‌ಕ್ಲಾಕಿಂಗಿನಿಂದ ದೊರೆಯುವ ಲಾಭವೂ ಹಿಂದಿಗಿಂತ ಕಡಿಮೆ. ಆದ್ದರಿಂದ ಅಭ್ಯಾಸಕ್ಕಾಗಿ ವೇಗದ ಮಿತಿಯನ್ನು ಅರಸುವುದು ಉಚಿತ. ಪ್ರಕಟಣೆಗೆ ಹೋಗುವ ಗಣನೆಯನ್ನು ನಿಗದಿತ ವೇಗದಲ್ಲಿಯೇ ನಡೆಸುವುದು ಕರ್ತವ್ಯ.