ಸಾವನದುರ್ಗ: ಇಳಿಯುವ ಲೆಕ್ಕ ಹಾಕಿ ಹತ್ತಬೇಕಾದ ಬೆಟ್ಟ

ಮಾಗಡಿಯ ಕಡೆಗೆ ಹೊರಟವರಿಗೆ ಸಾವನದುರ್ಗ ಬಹು ದೂರದಿಂದಲೇ ಕಾಣಿಸುತ್ತದೆ. ಮಣ್ಣು, ಮರಗಳು ತುಂಬಿದ ಸಾಮಾನ್ಯ ಗುಡ್ಡವಲ್ಲ ಅದು. ಕುರುಚಲು ಕಾಡಿನ ನಡುವೆ ಒಮ್ಮೆಲೇ ತಲೆಯೆತ್ತಿ ನಿಂತ ಬೋಳು ಬಂಡೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರವಿರುವ ಈ ಬೆಟ್ಟಕ್ಕೆ ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂಬ ಹೆಸರಿದೆ.

ಬೆಂಗಳೂರಿನಿಂದ ಇಲ್ಲಿಗೆ ಸುಮಾರು 60 ಕಿ.ಮೀ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದೆಂಬ ಕಾರಣಕ್ಕೇ ರಜಾದಿನಗಳಲ್ಲಿ ಜನ ಹೆಚ್ಚು. ಹಾಗೆ ಹಗುರವಾಗಿ ಹೊರಟವರಲ್ಲಿ ದಾರಿ ತಪ್ಪಿದವರೂ ಕಾಲು ಜಾರಿದವರೂ ಇದ್ದಾರೆ. ಇಲ್ಲಿ ಒಂದು ದಿನದ ಚಾರಣಕ್ಕೆ ಸಿದ್ಧತೆ ಎಂದರೆ ಬುತ್ತಿ ಕಟ್ಟಿಕೊಳ್ಳುವುದಷ್ಟೇ ಅಲ್ಲ; ಈ ಬಂಡೆಯ ಸ್ವಭಾವವನ್ನು ಮೊದಲು ತಿಳಿದುಕೊಳ್ಳುವುದು.

ಕಲ್ಲಿನ ಕಥೆ

ಭೂಮಿಯ ಆಳದಲ್ಲಿ ಶಿಲಾರಸ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾದ ಗ್ರಾನೈಟ್ ಇದು. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ರಾಮನಗರಕ್ಕೆ ಹಿಂದೆ ಇದ್ದ ಹೆಸರು ಕ್ಲೋಸ್‌ಪೇಟೆ. ರಾಮನಗರದ ಬಂಡೆಗಳೂ ಸಾವನದುರ್ಗವೂ ಒಂದೇ ಶಿಲಾಪಟ್ಟಿಗೆ ಸೇರಿದವು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ.

ಮೇಲಿದ್ದ ಶಿಲೆ, ಮಣ್ಣು ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ ಅಡಿಯಲ್ಲಿದ್ದ ಗ್ರಾನೈಟ್ ಹೊರಬಿತ್ತು. ಮೇಲಿನ ಭಾರ ಇಳಿದಂತೆ ಅದು ಹಿಗ್ಗಿ, ಈರುಳ್ಳಿಯ ಸಿಪ್ಪೆ ಸುಲಿದಂತೆ ಪದರಪದರವಾಗಿ ಕಳಚತೊಡಗಿತು. ಹಾಗಾಗಿಯೇ ಬೆಟ್ಟಕ್ಕೆ ಚೂಪು ತುದಿಯಿಲ್ಲ. ಬೋರಲು ಹಾಕಿದ ಬೋಗುಣಿಯ ಆಕಾರ.

ಅಪಾಯ ಇರುವುದೂ ಈ ಆಕಾರದಲ್ಲೇ. ಇಂಥ ಬಂಡೆಯ ನೆತ್ತಿಯಲ್ಲಿ ಇಳಿಜಾರು ಕಡಿಮೆ, ಕೆಳಗಿಳಿದಂತೆಲ್ಲ ಹೆಚ್ಚು. ಮೇಲೆ ನಿಂತವನಿಗೆ ಎಲ್ಲ ಕಡೆಯೂ ಸಲೀಸಾಗಿ ಇಳಿಯಬಹುದು ಎನಿಸುತ್ತದೆ. ನೂರು ಹೆಜ್ಜೆ ಇಳಿದ ಮೇಲೆ ಕಾಲ ಕೆಳಗೆ ಪ್ರಪಾತ. ಅಲ್ಲಿಂದ ಮುಂದಕ್ಕೂ ಹೋಗಲಾಗದು, ಹಿಂದಕ್ಕೆ ತಿರುಗುವುದೂ ಕಷ್ಟ.

ಅಭೇದ್ಯವೆನಿಸಿದ ಕೋಟೆ

ಈ ಜಾರು ಬಂಡೆಯನ್ನೇ ನಂಬಿ ಹಿಂದಿನವರು ಇಲ್ಲಿ ಕೋಟೆ ಕಟ್ಟಿದರು. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ 1340ರ ಶಾಸನದಲ್ಲಿ ‘ಸಾವಂದಿ’ ಎಂಬ ಹೆಸರಿದೆ. ಬೆಟ್ಟದ ಬುಡದಲ್ಲಿರುವ ಸಾವಂದಿ ವೀರಭದ್ರಸ್ವಾಮಿ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದ್ದಾನೆ. ‘ಸಾವಿನ ದುರ್ಗ’ ಎಂಬ ಅರ್ಥವನ್ನೂ ಜನ ಹೇಳುವುದುಂಟು. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ವಂಶದವರಿಗೆ ಮಾಗಡಿ ರಾಜಧಾನಿಯಾಯಿತು, ಸಾವನದುರ್ಗ ಬೆಂಬಲದ ಕೋಟೆಯಾಯಿತು. 1728ರಲ್ಲಿ ಇದು ಮೈಸೂರಿನ ವಶವಾಯಿತು.

1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಗೆದ್ದ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣದ ಮೇಲೆ ಏರಿಹೋಗುವ ಮುನ್ನ, ತನ್ನ ಸರಬರಾಜು ದಾರಿಗೆ ತೊಡಕಾಗಿದ್ದ ಗಿರಿದುರ್ಗಗಳನ್ನು ಹಿಡಿಯಬೇಕಾಗಿತ್ತು. ಸಾವನದುರ್ಗದ ಸುತ್ತ ದಟ್ಟ ಬಿದಿರುಕಾಡು, ವಿಷಜ್ವರದ ಭಯ. ಕಂಪನಿಯ ಸೈನಿಕರು ಆ ಕಾಡನ್ನು ಕಡಿದು ತೋಪುಗಳನ್ನು ಎಳೆದುತಂದರು. ಡಿಸೆಂಬರ್ 17ರಂದು ಗುಂಡಿನ ದಾಳಿ ಆರಂಭವಾಯಿತು. 21ರಂದು ಒಡೆದ ಗೋಡೆಯ ಮೂಲಕ ನುಗ್ಗಿದವರು ಒಂದು ಗಂಟೆಯೂ ಕಳೆಯುವ ಮೊದಲೇ ಕೋಟೆಯನ್ನು ಹಿಡಿದರು.

ಬೆಟ್ಟದ ಮೇಲ್ಭಾಗ ಒಂದು ಕಂದರದಿಂದ ಎರಡಾಗಿ ಸೀಳಿದೆ. ಅವೇ ಕರಿಗುಡ್ಡ ಮತ್ತು ಬಿಳಿಗುಡ್ಡ. ಓಡುತ್ತಿದ್ದ ಕಾವಲುಗಾರರನ್ನು ಶತ್ರುಗಳು ಬೆನ್ನುಹತ್ತಿ, ಮೇಲಿನ ಕೋಟೆಯ ಬಾಗಿಲು ಮುಚ್ಚುವ ಮೊದಲೇ ಒಳಹೊಕ್ಕರು. ಸತ್ತವರಲ್ಲಿ ಅನೇಕರು ಗುಂಡಿಗೆ ಬಲಿಯಾದವರಲ್ಲ, ತಪ್ಪಿಸಿಕೊಳ್ಳಲು ಹೋಗಿ ಬಂಡೆಯಿಂದ ಉರುಳಿದವರು. ತಮ್ಮನ್ನು ಕಾಯುತ್ತದೆಂದು ನಂಬಿದ್ದ ಬಂಡೆಯೇ ಅವರಿಗೆ ಮುಳುವಾಯಿತು. ಕಾರ್ನ್‌ವಾಲಿಸ್ ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟದ ಚಿತ್ರಗಳನ್ನೂ ಬಿಡಿಸಿದ.

ಹತ್ತುವ ದಾರಿ

ಸಾಮಾನ್ಯವಾಗಿ ಜನ ಹತ್ತುವುದು ಕರಿಗುಡ್ಡವನ್ನು. ವೀರಭದ್ರಸ್ವಾಮಿ ಗುಡಿಯ ಹತ್ತಿರದಿಂದ ಹೊರಟರೆ ಅಭ್ಯಾಸವಿದ್ದವರಿಗೆ ಸುಮಾರು ಎರಡು ಗಂಟೆಯ ಏರು. ನಡುವೆ ಪಾಳುಬಿದ್ದ ಕೋಟೆಗೋಡೆಗಳು, ತುದಿಯಲ್ಲಿ ನಂದಿಯ ಪುಟ್ಟ ಮಂಟಪ. ದಾರಿ ತೋರಿಸಲು ಬಂಡೆಯ ಮೇಲೆ ಬಾಣದ ಗುರುತುಗಳನ್ನು ಬಳಿದಿದ್ದಾರೆ.

ಈ ಗುರುತುಗಳನ್ನು ಹತ್ತುವಾಗ ನೋಡಿದರೆ ಸಾಲದು, ಇಳಿಯುವಾಗಲೂ ಹುಡುಕಬೇಕು. ಹತ್ತುವಾಗ ಆಗಾಗ ಹಿಂತಿರುಗಿ ನೋಡಿ, ಒಂದು ಮರ, ಒಂದು ಗೋಡೆ, ಒಂದು ಬಿರುಕನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬಾಣ ಕಾಣದೆ ಹೋದರೆ ಅಡ್ಡದಾರಿ ಹಿಡಿಯದೆ, ಕೊನೆಯ ಬಾಣ ಕಂಡ ಜಾಗಕ್ಕೇ ಮರಳಬೇಕು. ಅದಕ್ಕಾಗಿ ಮತ್ತೆ ಮೇಲೇರಬೇಕಾಗಿ ಬಂದರೂ ಸರಿಯೆ.

ಬಂಡೆಯ ಮೈಮೇಲಿನ ಕಪ್ಪು ಪಟ್ಟೆಗಳೂ ಗಮನಿಸಬೇಕಾದವು. ಮಳೆನೀರು ಹರಿಯುವ ಜಾಡಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳೆದು ಆದ ಗುರುತುಗಳಿವು. ಒಣಗಿದ್ದಾಗ ಕಾಲು ನಿಲ್ಲುತ್ತದೆ. ಒದ್ದೆಯಾದರೆ ಎಣ್ಣೆ ಸವರಿದಂತೆ. ಮಳೆಗಾಲದಲ್ಲಿ ಈ ಬೆಟ್ಟ ಬೇಡವೆನ್ನುವುದು ಅದಕ್ಕೇ. ಬೋಳು ನೆತ್ತಿಯ ಮೇಲೆ ಸಿಡಿಲಿನ ಭಯ ಬೇರೆ.

ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಚಳಿಯ ದಿನಗಳು ಅನುಕೂಲ. ಆಗಲೂ ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾಯುತ್ತದೆ, ನೆರಳು ಅಪರೂಪ. ಹೊತ್ತೇರುವ ಮೊದಲೇ ಹತ್ತತೊಡಗಿ, ಮಧ್ಯಾಹ್ನದೊಳಗೆ ಇಳಿಯುವುದು ಲೇಸು. ತಲೆಗೆ ಟೋಪಿ, ಹಿಡಿತವಿರುವ ರಬ್ಬರ್ ಅಡಿಯ ಬೂಟು, ತಲೆಗೆ ಎರಡರಿಂದ ಮೂರು ಲೀಟರ್ ನೀರು ಬೇಕೇ ಬೇಕು. ಬಂಡೆಯ ತಗ್ಗುಗಳಲ್ಲಿ ನಿಂತ ನೀರನ್ನು ನೆಚ್ಚಿಕೊಳ್ಳಬಾರದು. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ. ಅದು ಚೀಲದ ಒಳಗಿರಲಿ.

ಹೊರಡುವ ಮುನ್ನ

ಬಸ್ಸಿನಲ್ಲಿ ಬರುವವರು ಮಾಗಡಿಗೆ ಬಂದು ಅಲ್ಲಿಂದ ಬೆಟ್ಟಕ್ಕೆ ಹೋಗಬೇಕು. ಮರಳುವ ಬಸ್ಸಿನ ವೇಳೆಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಭಾರೀ ನೂಕುನುಗ್ಗಲಾದ ಮೇಲೆ ರಾಜ್ಯದ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಕಾಯ್ದಿರಿಸುವಿಕೆಯನ್ನು ಬಿಗಿಗೊಳಿಸಿತು. ಸಾವನದುರ್ಗವೂ ಕಾಯ್ದಿಟ್ಟ ಅರಣ್ಯದ ನಡುವೆ ಇರುವುದರಿಂದ ಅನುಮತಿ, ಶುಲ್ಕ, ವೇಳೆಗಳನ್ನು ಹೊರಡುವ ಮೊದಲೇ ವಿಚಾರಿಸಬೇಕು. ಚಿರತೆ, ಕರಡಿಗಳಿರುವ ಕಾಡಿದು. ಕತ್ತಲಲ್ಲಿ ಹತ್ತುವ ಸಾಹಸ ಬೇಡ. ಯಾವ ಬೆಟ್ಟ, ಎಷ್ಟು ಜನ, ಯಾವ ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಹೇಳಿ ಹೋಗಬೇಕು. ಹೇಳಿದ ಹೊತ್ತು ಮೀರಿದರೆ ಎಲ್ಲಿ ಹುಡುಕಬೇಕೆಂಬುದು ಮನೆಯವರಿಗೆ ಆಗ ಗೊತ್ತಿರುತ್ತದೆ.