ಬ್ರಾಹ್ಮೀ ಶಬ್ದವೂ ಒಂದೆಲಗವೂ

ಬ್ರಾಹ್ಮೀ ಎಂಬ ಹೆಸರಿನಿಂದ ಕನ್ನಡ ನಾಡಿನಲ್ಲಿ ಎರಡು ಮೂಲಿಕೆಗಳನ್ನು ಕರೆಯುವ ವಾಡಿಕೆಯುಂಟು. ಹಳ್ಳದ ದಡದಲ್ಲಿಯೂ ತೇವವುಳ್ಳ ಬಯಲಿನಲ್ಲಿಯೂ ನೆಲಕ್ಕೆ ಹಬ್ಬಿ, ಗಿಣ್ಣುಗಿಣ್ಣಿಗೂ ಬೇರೂರಿ, ವರ್ಷಗಟ್ಟಲೆ ಬಾಳುವ ಒಂದೆಲಗವು ಮೊದಲನೆಯದು. ಇದು ತುಳುವರ ತಿಮರೆ. ಮಲೆನಾಡಿನವರು ತಂಬುಳಿಗೆ ಕೊಯ್ಯುವುದೂ ಇದನ್ನೇ. ನೀಳವಾದ ಪ್ರತಿಯೊಂದು ತೊಟ್ಟಿನ ತುದಿಗೂ ಒಂದೇ ಎಲೆ. ದುಂಡಗೆ, ಬುಡದಲ್ಲಿ ಸೀಳಿ, ಅಂಚು ಕಚ್ಚುಕಚ್ಚಾಗಿರುವುದು. ಹೂಗಳು ಬಲು ಕಿರಿದು. ಎಲೆಗಳ ಮರೆಯಲ್ಲಿ ಗೊಂಚಲಾಗಿರುವುವು.

ನೀರುಬ್ರಾಹ್ಮಿಯ ಎಲೆಗಳಾದರೋ ಚಿಕ್ಕವು, ದಪ್ಪನಾದವು, ತೊಟ್ಟಿಲ್ಲದವು. ಗಿಣ್ಣಿಗೆ ಎರಡರಂತೆ ಎದುರುಬದುರಾಗಿರುವುವು. ರುಚಿ ಕಹಿ; ಹೂ ಒಂಟಿ, ತಿಳಿನೀಲಿ.

ಲಿನ್ನೇಯಸನು 1753ರಲ್ಲಿ ಹೈಡ್ರೋಕೋಟೈಲ್ ಏಷಿಯಾಟಿಕ ಎಂದು ಕರೆದ ಒಂದೆಲಗವು ಈಗ ಸೆಂಟೆಲ್ಲ ಏಷಿಯಾಟಿಕ. ನೀರುಬ್ರಾಹ್ಮಿಯು ಬಾಕೋಪ ಮೊನ್ನಿಯೆರಿ. ಸುಶ್ರುತಸಂಹಿತೆಯು ಮಂಡೂಕಪರ್ಣೀ, ಬ್ರಾಹ್ಮೀ ಎಂದು ಎರಡು ಹೆಸರುಗಳನ್ನು ಬೇರೆಬೇರೆಯಾಗಿಯೇ ಹೇಳಿರುವುದರಿಂದ, ಬ್ರಾಹ್ಮೀ ಎಂದಲ್ಲೆಲ್ಲ ಒಂದೆಲಗವೆಂದೇ ಅರ್ಥ ಬರೆಯುವ ಟೀಕಾಕಾರನಿಗೆ ಅಲ್ಲಿ ಮಂಡೂಕಪರ್ಣಿಗೆ ಗಿಡವೇ ಉಳಿಯದು.